ಕ್ರಿಸ್ತ ಯಾವ ಕೇರಿಯವನು? ದಲಿತ ದೇವಶಾಸ್ತ್ರ ನಡೆದು ಬಂದ ದಾರಿ

1981ರ ಏಪ್ರಿಲ್. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಪಾದ್ರಿಗಳಾಗಲು ಓದುತ್ತಿದ್ದವರ ಮುಂದೆ ಅಧ್ಯಾಪಕ ಅರವಿಂದ ಪಿ. ನಿರ್ಮಲ್ ಒಂದು ಉಪನ್ಯಾಸ ಕೊಟ್ಟರು. ವಿಷಯ, ‘ಶೂದ್ರ ದೇವಶಾಸ್ತ್ರದ ಕಡೆಗೆ’. ಜಾಲ್ನಾದಲ್ಲಿ ಹುಟ್ಟಿ ಬೆಳೆದ ಈ ಮರಾಠಿ ವಿದ್ವಾಂಸರು ಅಂದು ಎತ್ತಿದ ಪ್ರಶ್ನೆ ನೇರವಾಗಿತ್ತು. ಭಾರತದ ಚರ್ಚುಗಳಲ್ಲಿ ಕೂರುವವರಲ್ಲಿ ಬಹಳಷ್ಟು ಮಂದಿ ಮಾಲ, ಮಾದಿಗ, ಪರೈಯ, ಚೂಹ್ರಾ, ಮಹಾರ್ ಕೇರಿಗಳಿಂದ ಬಂದವರು. ಹಾಗಿದ್ದರೆ ‘ಭಾರತೀಯ ಕ್ರೈಸ್ತ ದೇವಶಾಸ್ತ್ರ’ ಎಂದು ಪಾಠ ಹೇಳುವ ಪುಸ್ತಕಗಳಲ್ಲಿ ಅವರ ಬದುಕು ಎಲ್ಲಿ?

ಪ್ರಶ್ನೆಗೆ ಕಾರಣವಿತ್ತು. ಬ್ರಹ್ಮಬಾಂಧವ ಉಪಾಧ್ಯಾಯರು ತ್ರಿತ್ವವನ್ನು ಸಚ್ಚಿದಾನಂದದ ಪರಿಭಾಷೆಯಲ್ಲಿ ಓದಿದ್ದರು. ಎ.ಜೆ. ಅಪ್ಪಸ್ವಾಮಿಯವರು ಭಕ್ತಿ ಪಂಥದ ದಾರಿಯಲ್ಲಿ ಯೋಹಾನನ ಸುವಾರ್ತೆಯನ್ನು ವ್ಯಾಖ್ಯಾನಿಸಿದ್ದರು. ಇಬ್ಬರೂ ಮೇಧಾವಿಗಳೇ. ಪಾಶ್ಚಾತ್ಯರ ಎರವಲು ಮಾತು ಬಿಟ್ಟು ಈ ನೆಲದ ಮಾತಿನಲ್ಲಿ ಕ್ರಿಸ್ತನನ್ನು ಕಾಣುವ ಹಂಬಲ ಅವರದಾಗಿತ್ತು. ಆದರೆ ಅವರು ಆರಿಸಿಕೊಂಡ ನೆಲ ಅಗ್ರಹಾರದ ನೆಲ. ಆ ಶಾಸ್ತ್ರಗಳನ್ನು ಕೇಳುವ ಹಕ್ಕೂ ಇಲ್ಲದ ಜನ ಅದೇ ಚರ್ಚಿನ ಹಿಂದಿನ ಸಾಲಿನಲ್ಲಿದ್ದರು.

ಆ ಹಿಂದಿನ ಸಾಲಿಗೂ ಒಂದು ಇತಿಹಾಸವಿದೆ. ದಕ್ಷಿಣದ ಮಿಷನ್ ಚರ್ಚುಗಳು ಬಹುಕಾಲ ಜಾತಿಯ ಜೊತೆ ರಾಜಿ ಮಾಡಿಕೊಂಡೇ ಬಂದವು. ತಮಿಳುನಾಡಿನಲ್ಲಿ ವೆಳ್ಳಾಳರಿಗೆ ಒಂದು ಕಡೆ, ಪರೈಯರಿಗೆ ಇನ್ನೊಂದು ಕಡೆ ಕೂರುವ ಜಾಗವಿತ್ತು. 1833ರಲ್ಲಿ ಕಲ್ಕತ್ತಾದ ಬಿಷಪ್ ಡೇನಿಯಲ್ ವಿಲ್ಸನ್ ಜಾತಿಯನ್ನು ಚರ್ಚಿನೊಳಗೆ ತಕ್ಷಣ, ಶಾಶ್ವತವಾಗಿ ಕೈಬಿಡಬೇಕೆಂದು ಸುತ್ತೋಲೆ ಹೊರಡಿಸಿದಾಗ ತಂಜಾವೂರಿನ ಅನೇಕ ವೆಳ್ಳಾಳ ಕ್ರೈಸ್ತರು ಪ್ರತಿಭಟಿಸಿ ಹೊರನಡೆದರು. ಕರಾವಳಿ ಕರ್ನಾಟಕದಲ್ಲಿ 1834ರಿಂದ ನೆಲೆ ನಿಂತ ಬಾಸೆಲ್ ಮಿಷನ್ ಜಾತಿಯ ಬಗ್ಗೆ ಕಟ್ಟುನಿಟ್ಟಾಗಿತ್ತು. ಮತ ಬದಲಿಸಿದವರು ಊರಿನ ಉಂಬಳಿ, ಗೇಣಿ, ಕುಲಕಸುಬು ಎಲ್ಲವನ್ನೂ ಕಳೆದುಕೊಳ್ಳುತ್ತಿದ್ದರು. ಅವರ ಹೊಟ್ಟೆಪಾಡಿಗಾಗಿ ನೇಯ್ಗೆ ಶಾಲೆ, ಅಚ್ಚುಕೂಟ, 1865ರಲ್ಲಿ ಮಂಗಳೂರಿನ ಹೆಂಚಿನ ಕಾರ್ಖಾನೆ ಬಂದವು. ಇದೇ ಮಿಷನ್ನಿನ, ‘ಮಂಗಳೂರ ಸಮಾಚಾರ’ದ ಹರ್ಮನ್ ಮೋಗ್ಲಿಂಗ್ ಕನ್ನಡಿಗರಿಗೆ ಪತ್ರಕರ್ತರಾಗಿ ಗೊತ್ತು. ಕೊಡಗಿನ ಅಮ್ಮತ್ತಿಯ ಬಳಿ ಹೊಲೆಯ ಸಮುದಾಯದ ಕುಟುಂಬಗಳಿಗಾಗಿ ಆನಂದಪುರವೆಂಬ ಊರನ್ನು ನೆಲೆಗೊಳಿಸಿದವರೂ ಅವರೇ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಮಿಷನರಿಗಳೇ ಎಲ್ಲವನ್ನೂ ಮಾಡಿದರು ಎಂಬ ಕಥೆಯಂತೂ ಅರ್ಧಸತ್ಯ. ಪಂಜಾಬಿನ ಸಿಯಾಲ್‌ಕೋಟ್ ಸೀಮೆಯ ದಿತ್ತ ಎಂಬ ಕುಂಟ, ಹಸಿ ಚರ್ಮ ಕೊಂಡು ಮಾರುವ ಚೂಹ್ರಾ ಸಮುದಾಯದವನು, 1873ರಲ್ಲಿ ದೀಕ್ಷಾಸ್ನಾನ ಕೇಳಿಕೊಂಡು ತಾನಾಗಿಯೇ ಬಂದ. ಅವನ ಅರಿವು ಸಾಲದೆಂದು ಪಾದ್ರಿ ಹಿಂಜರಿದರು. ಸ್ನಾನವಾದ ಮೇಲೆ ಅವನು ಮಿಷನ್ ಬಂಗಲೆಯ ಆಸರೆ ಬೇಡದೆ ಊರಿಗೆ ಮರಳಿ ಚರ್ಮದ ವ್ಯಾಪಾರ ಮುಂದುವರಿಸಿದ. ಬೈಗುಳ ತಿಂದ. ಮೊದಲು ಮನೆಯವರನ್ನು, ಆಮೇಲೆ ನೆಂಟರಿಷ್ಟರನ್ನು ಕರೆತಂದ. ಕೆಲವೇ ದಶಕಗಳಲ್ಲಿ ಆ ಸೀಮೆಯ ಚೂಹ್ರಾಗಳು ಸಾವಿರಗಟ್ಟಲೆ ಕ್ರೈಸ್ತರಾದರು. ಮೇಲ್ಜಾತಿಯ ಪಂಡಿತರನ್ನು ಒಲಿಸಿಕೊಳ್ಳಲು ಕಾಲೇಜು ಕಟ್ಟುತ್ತಿದ್ದ ಮಿಷನರಿಗಳಿಗೆ ಇದು ನಿರೀಕ್ಷೆಯೇ ಇಲ್ಲದ ಬೆಳವಣಿಗೆ. ಆಂಧ್ರದ ಮಾಲ ಮಾದಿಗರ ನಡುವೆ, ಬೀದರ್ ಕಡೆಯ ಮೆಥಡಿಸ್ಟ್ ಸಭೆಗಳಲ್ಲಿ ನಡೆದದ್ದೂ ಹೆಚ್ಚು ಕಡಿಮೆ ಇದೇ. ‘ದಲಿತ ಕ್ರೈಸ್ತರು: ಒಂದು ಇತಿಹಾಸ’ ಎಂಬ 1992ರ ಪುಸ್ತಕದಲ್ಲಿ ಜಾನ್ ವೆಬ್‌ಸ್ಟರ್ ಈ ಸಾಮೂಹಿಕ ಮತಾಂತರಗಳನ್ನು ಆಧುನಿಕ ದಲಿತ ಚಳವಳಿಯ ಮೊದಲ ಹಂತವೆಂದೇ ಓದಿದರು. ಆ ಓದು ಸರಿಯಾದದ್ದು. ಮನುಷ್ಯರಂತೆ ಬದುಕಬೇಕೆಂದು ಹೊರಟ ಜನರ ನಿರ್ಧಾರ ಅದು.

ಮನುಷ್ಯರಂತೆ ಬದುಕಲು ಹೊರಟವರಿಗೆ ಸ್ವತಂತ್ರ ಭಾರತದ ಕಾನೂನು ಏನು ಕೊಟ್ಟಿತು? 1950ರ ಪರಿಶಿಷ್ಟ ಜಾತಿಗಳ ರಾಷ್ಟ್ರಪತಿ ಆದೇಶದ ಮೂರನೆಯ ಪ್ಯಾರಾ, ಹಿಂದೂ ಧರ್ಮವಲ್ಲದೆ ಬೇರೆ ಧರ್ಮ ಪಾಲಿಸುವವರನ್ನು ಪರಿಶಿಷ್ಟ ಜಾತಿಯವರೆಂದು ಪರಿಗಣಿಸುವುದಿಲ್ಲ ಎಂದಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿಕೊಳ್ಳಲಾಯಿತು. ಕ್ರೈಸ್ತರೂ ಮುಸ್ಲಿಮರೂ ಹೊರಗೇ ಉಳಿದರು.

ಇದರ ಬಿಸಿ ಏನೆಂಬುದನ್ನು ಸೂಸೈ ಎಂಬ ಚಪ್ಪಲಿ ಹೊಲಿಯುವವರ ಪ್ರಕರಣ ಹೇಳುತ್ತದೆ. ಆದಿದ್ರಾವಿಡ ಸಮುದಾಯದ ಸೂಸೈ ಕ್ರೈಸ್ತರಾಗಿದ್ದರು, ಮದ್ರಾಸಿನ ರಸ್ತೆಬದಿಯಲ್ಲಿ ಕೂತು ದುಡಿಯುತ್ತಿದ್ದರು. 1982ರಲ್ಲಿ ಸರ್ಕಾರ ಚಮ್ಮಾರರಿಗೆ ಉಚಿತವಾಗಿ ಪೆಟ್ಟಿಗೆ ಅಂಗಡಿ ಹಂಚಿತು. ಅದೇ ಬೀದಿಯಲ್ಲಿ, ಅದೇ ಕಸುಬು ಮಾಡುವ ಹಿಂದೂ ಚಮ್ಮಾರರಿಗೆ ಸಿಕ್ಕಿತು. ಕ್ರೈಸ್ತನೆಂಬ ಕಾರಣಕ್ಕೆ ಸೂಸೈಗೆ ಸಿಗಲಿಲ್ಲ. ಅವರು ಸುಪ್ರೀಂ ಕೋರ್ಟಿಗೆ ಹೋದರು. 1985ರಲ್ಲಿ ಬಂದ ತೀರ್ಪು ಅವರ ವಿರುದ್ಧವಾಗಿತ್ತು. ಮತಾಂತರದ ನಂತರವೂ ಜಾತಿ ಉಳಿದಿದೆ ಎಂದರೆ ಸಾಲದು, ಹೊಸ ಧರ್ಮದಲ್ಲಿಯೂ ಅಷ್ಟೇ ತೀವ್ರವಾದ ಸಾಮಾಜಿಕ, ಆರ್ಥಿಕ ಸಂಕಷ್ಟ ಇದೆಯೆಂದು ತೋರಿಸಬೇಕು ಎಂದಿತು ನ್ಯಾಯಾಲಯ. ಚರ್ಚುಗಳು ಪೇಚಿಗೆ ಸಿಕ್ಕಿದ್ದು ಇಲ್ಲಿ. ತಮ್ಮ ಜನರ ಹಕ್ಕಿಗಾಗಿ ವಾದಿಸಬೇಕಾದರೆ ತಮ್ಮೊಳಗೆ ಅಸ್ಪೃಶ್ಯತೆ ಇದೆಯೆಂದು ಬಾಯಿಬಿಟ್ಟು ಒಪ್ಪಬೇಕು. ‘ಕ್ರಿಸ್ತನಲ್ಲಿ ಜಾತಿಯಿಲ್ಲ’ ಎಂದು ವೇದಿಕೆಯಲ್ಲಿ ಸಾರುತ್ತ ಬಂದವರಿಗೆ ಅದು ಸುಲಭವಾಗಿರಲಿಲ್ಲ.

ನಿರ್ಮಲ್‌ರ ಉಪನ್ಯಾಸಕ್ಕೆ ಹೊರಗಿನ ಗಾಳಿಯೂ ಬೀಸಿತ್ತು. 1968ರಲ್ಲಿ ಲ್ಯಾಟಿನ್ ಅಮೆರಿಕದ ಬಿಷಪ್ಪರು ಮೆಡೆಲಿನ್‌ನಲ್ಲಿ ಸೇರಿ ಬಡವರ ಪರವಾಗಿ ಮಾತಾಡಿದ್ದರು, 1971ರಲ್ಲಿ ಪೆರುವಿನ ಪಾದ್ರಿ ಗುಸ್ತಾವೊ ಗುತಿಯೆರೆಜ್ ವಿಮೋಚನಾ ದೇವಶಾಸ್ತ್ರದ ಪುಸ್ತಕ ತಂದಿದ್ದರು. ಅಮೆರಿಕದಲ್ಲಿ ಜೇಮ್ಸ್ ಕೋನ್ ಕಪ್ಪು ಜನರ ಕ್ರಿಸ್ತನ ಬಗ್ಗೆ ಬರೆಯುತ್ತಿದ್ದರು. ಬೆಂಗಳೂರಿನಲ್ಲಿಯೇ ಪಿ.ಡಿ. ದೇವನಂದನ್ ಮತ್ತು ಎಂ.ಎಂ. ಥಾಮಸ್ ಕಟ್ಟಿದ ಧರ್ಮ ಮತ್ತು ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆ 1957ರಿಂದಲೂ ನಂಬಿಕೆಯನ್ನು ರಾಜಕೀಯದ ಎದುರು ನಿಲ್ಲಿಸಿ ನೋಡುವ ಅಭ್ಯಾಸ ಬೆಳೆಸಿತ್ತು. ಆದರೂ ಹೆಚ್ಚು ಬಿಸಿ ತಗುಲಿದ್ದು ನೆರೆಮನೆಯ ಬೆಂಕಿಯಿಂದ: 1972ರಲ್ಲಿ ಮುಂಬೈಯ ದಲಿತ ಪ್ಯಾಂಥರ್ಸ್, ಮರಾಠಿ ದಲಿತ ಸಾಹಿತ್ಯ, 1973ರಲ್ಲಿ ಕನ್ನಡ ಸಾಹಿತ್ಯವನ್ನು ಬೂಸಾ ಎಂದ ಸಚಿವ ಬಿ. ಬಸವಲಿಂಗಪ್ಪನವರ ಮಾತು ಮತ್ತು ಅದರ ಬೆನ್ನಿಗೆ ಕರ್ನಾಟಕದಲ್ಲಿ ಮೇಲೆದ್ದ ದಲಿತ ಸಂಘರ್ಷ ಸಮಿತಿ. ವಿಮೋಚನಾ ದೇವಶಾಸ್ತ್ರ ವರ್ಗವನ್ನು ನೋಡಿತ್ತು, ಜಾತಿ ಅದರ ಕಣ್ಣಿಗೆ ಬಿದ್ದಿರಲಿಲ್ಲ. ಆ ಕೊರತೆ ತುಂಬಲು ನಿರ್ಮಲ್ ‘ಶೂದ್ರ’ ಪದ ಬಿಟ್ಟು ‘ದಲಿತ’ ಪದ ಹಿಡಿದರು.

ಎಂಬತ್ತರ ದಶಕದ ಕೊನೆಗೆ ಚೆನ್ನೈನ ಗುರುಕುಲ ಲುಥೆರನ್ ಕಾಲೇಜಿನಲ್ಲಿ ದಲಿತ ದೇವಶಾಸ್ತ್ರಕ್ಕೊಂದು ವಿಭಾಗ ತೆರೆಯಿತು, ನಿರ್ಮಲ್ ಅದರ ಮುಖ್ಯಸ್ಥರಾದರು. ಅಲ್ಲಿ ಅವರು ಕಟ್ಟಿದ ವಾದಕ್ಕೆ ಮೂಲ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯ. ತಮ್ಮ ಮೂಲಪುರುಷ ಅಲೆಮಾರಿಯಾಗಿದ್ದ, ಗುಲಾಮರಾಗಿದ್ದ ತಮ್ಮನ್ನು ದೇವರು ಬಿಡಿಸಿದ ಎಂದು ಇಸ್ರಾಯೇಲರು ಅಲ್ಲಿ ತಮ್ಮ ನಂಬಿಕೆಯನ್ನು ಹೇಳಿಕೊಳ್ಳುತ್ತಾರೆ. ದಲಿತ ಕ್ರೈಸ್ತರೂ ತಮ್ಮ ಪೂರ್ವಜರ ನೋವಿನಿಂದಲೇ ನಂಬಿಕೆಯ ಮಾತು ಶುರು ಮಾಡಬೇಕು ಎಂದರು ನಿರ್ಮಲ್. ದೇವರು ಸೇವೆ ಮಾಡಿಸಿಕೊಳ್ಳುವ ಒಡೆಯನಲ್ಲ, ಸೇವೆ ಮಾಡುವವನು. ನಜರೇತಿನ ಯೇಸು ದಲಿತ. ಪಂಜಾಬಿನ ಜೇಮ್ಸ್ ಮಾಸ್ಸಿ, ಬೆಂಗಳೂರಿನಲ್ಲಿದ್ದು ‘ದಲಿತ ದೇವಶಾಸ್ತ್ರದ ಕಡೆಗೆ’ ಸಂಕಲನ ತಂದ ಎಂ.ಇ. ಪ್ರಭಾಕರ್, ಚೆನ್ನೈನ ಬಿಷಪ್ ಎಂ. ಅಜರಯ್ಯ ಈ ಮಾತನ್ನು ಸಭೆಗಳಿಗೂ ಸರ್ಕಾರದ ಬಾಗಿಲಿಗೂ ಒಯ್ದರು.

ಪುಸ್ತಕದಿಂದ ಜನರ ನಾಲಿಗೆಗೆ ಇದನ್ನು ತಂದವರು ಮಾತ್ರ ಮಧುರೈನ ಥಿಯೊಫಿಲಸ್ ಅಪ್ಪಾವು. ಕೆದರಿದ ತಲೆಯ ಈ ಅಧ್ಯಾಪಕರನ್ನು ವಿದ್ಯಾರ್ಥಿಗಳು ‘ಪರಟ್ಟೈ’ ಎಂದೇ ಕರೆಯುತ್ತಿದ್ದರು. ಚರ್ಚಿನಲ್ಲಿ ಪಾಶ್ಚಾತ್ಯ ಕೀರ್ತನೆ ಇಲ್ಲವೇ ಕರ್ನಾಟಕ ಸಂಗೀತದ ಮಟ್ಟು, ಎರಡೇ ನಡೆಯುತ್ತಿದ್ದ ಕಾಲದಲ್ಲಿ ಅಪ್ಪಾವು ಹಳ್ಳಿಯ ಮಟ್ಟುಗಳಲ್ಲಿ ಇಡೀ ಆರಾಧನೆ ಕಟ್ಟಿದರು, ಪರೈ ವಾದ್ಯವನ್ನು ಚರ್ಚಿನೊಳಗೆ ತಂದರು. ಒಂದೇ ಒಲೆಯಲ್ಲಿ ಬೆಂದದ್ದನ್ನು ಎಲ್ಲ ಜಾತಿಯವರೂ ಹಂಚಿಕೊಂಡು ಉಣ್ಣುವುದೇ ನಿಜವಾದ ಪ್ರಭುಭೋಜನ ಎಂದರು. ಅದೇ ಪರೈಯನ್ನು ಸತ್ಯನಾಥನ್ ಕ್ಲಾರ್ಕ್ ತಮ್ಮ 1998ರ ಪುಸ್ತಕದಲ್ಲಿ ದೇವಶಾಸ್ತ್ರದ ನಡುಮನೆಗೆ ತಂದರು. ಸಾವಿನ ಮನೆಯಲ್ಲಿ ಬಾರಿಸುವ, ಮುಟ್ಟಿದರೆ ಮೈಲಿಗೆ ಎನ್ನಿಸಿಕೊಂಡ ವಾದ್ಯದಲ್ಲಿ ಅವರು ಕ್ರಿಸ್ತನನ್ನು ಕಂಡರು. ನಮ್ಮ ತಮಟೆ, ಹಲಗೆಗಳ ಪಾಡು ಬಲ್ಲವರಿಗೆ ಈ ಮಾತಿನ ತೂಕ ತಿಳಿಯುತ್ತದೆ.

ಈ ಧಾರೆಯಲ್ಲಿ ಹೆಣ್ಣಿನ ದನಿ ತಡವಾಗಿ ಬಂತು. 1992ರಲ್ಲಿ ತಮಿಳಿನಲ್ಲಿ ಹೊರಬಂದ ಬಾಮಾ ಅವರ ‘ಕರುಕ್ಕು’, ಸನ್ಯಾಸಿನಿಯಾಗಿ ಮಠ ಸೇರಿ ಅಲ್ಲಿಯೂ ಜಾತಿಯನ್ನು ಕಂಡು ಹೊರಬಂದ ಹೆಣ್ಣಿನ ಆತ್ಮಕಥನ. ಬೆಂಗಳೂರಿನ ಕೊಳೆಗೇರಿಗಳಲ್ಲಿ ಮನೆಗೆಲಸದ ಹೆಂಗಸರನ್ನು ಸಂಘಟಿಸಿದ ರೂತ್ ಮನೋರಮಾ 1995ರಲ್ಲಿ ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟ ಕಟ್ಟಿದರು. ಜಾತಿ, ವರ್ಗ, ಲಿಂಗ ಮೂರೂ ಒಟ್ಟಿಗೆ ತುಳಿಯುತ್ತವೆ ಎಂಬ ಅವರ ಮಾತು ಚರ್ಚಿಗೂ ದಲಿತ ಚಳವಳಿಯ ಗಂಡಸರಿಗೂ ಒಟ್ಟಿಗೆ ಹೇಳಿದ್ದು. 2006ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ಕೆಥೋಲಿಕ್ ಸಭೆಯಲ್ಲಿ ಬದಲಾವಣೆ ಇನ್ನೂ ನಿಧಾನ. 2003ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ತಮಿಳುನಾಡಿನ ಧರ್ಮಾಧ್ಯಕ್ಷರೆದುರು ಜಾತಿ ಪೂರ್ವಗ್ರಹವನ್ನು ಖಂಡಿಸಿದ್ದರು. ಐದೇ ವರ್ಷಕ್ಕೆ, 2008ರ ಮಾರ್ಚ್‌ನಲ್ಲಿ, ವಿಳುಪ್ಪುರಂ ಜಿಲ್ಲೆಯ ಎರೈಯೂರಿನಲ್ಲಿ ದಲಿತ ಕ್ರೈಸ್ತರು ತಮಗೊಂದು ಪ್ರತ್ಯೇಕ ಧರ್ಮಕೇಂದ್ರ ಬೇಕೆಂದಾಗ ವನ್ನಿಯ ಕ್ರೈಸ್ತರೊಂದಿಗೆ ಗಲಭೆಯಾಗಿ, ಪೊಲೀಸ್ ಗೋಲಿಬಾರಿನಲ್ಲಿ ಇಬ್ಬರು ಸತ್ತರು. ತಿರುಚಿರಾಪಳ್ಳಿಯ ಒಂದು ಕೆಥೋಲಿಕ್ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರ್ಪಡಿಸುವ ಗೋಡೆ ಎದ್ದಿತ್ತು. 2016ರ ಡಿಸೆಂಬರ್‌ನಲ್ಲಿ ಭಾರತದ ಕೆಥೋಲಿಕ್ ಧರ್ಮಾಧ್ಯಕ್ಷರ ಮಂಡಳಿ ದಲಿತ ಸಬಲೀಕರಣ ನೀತಿ ಪ್ರಕಟಿಸಿ, ಸಭೆಯೊಳಗೆ ಅಸ್ಪೃಶ್ಯತೆ ಇದೆಯೆಂದು ಒಪ್ಪಿಕೊಂಡಿತು. 2022ರಲ್ಲಿ ಹೈದರಾಬಾದಿನ ಮಹಾಧರ್ಮಾಧ್ಯಕ್ಷ ಅಂಥೋನಿ ಪೂಲ ಭಾರತದ ಮೊದಲ ದಲಿತ ಕಾರ್ಡಿನಲ್ ಆದರು. ಒಂದು ನೇಮಕದಿಂದ ಊರೂರಿನ ಸ್ಮಶಾನ ಬದಲಾಗದು. ಆದರೂ ಆ ನೇಮಕ ಆಗಲೇಬೇಕಿತ್ತು.

ಹೊಸ ತಲೆಮಾರು ಹಿರಿಯರನ್ನೂ ಪ್ರಶ್ನಿಸಿದೆ. ಪೆನಿಯೆಲ್ ರಾಜಕುಮಾರ್ ತಮ್ಮ 2010ರ ಪುಸ್ತಕದಲ್ಲಿ, ಇಷ್ಟು ಬರೆದರೂ ಸಭೆಗಳ ನಡವಳಿಕೆ ಏಕೆ ಬದಲಾಗಲಿಲ್ಲ ಎಂದು ಕೇಳಿದರು. ನೋವುಣ್ಣುವ ಕ್ರಿಸ್ತನನ್ನೇ ಮತ್ತೆ ಮತ್ತೆ ತೋರಿಸಿದರೆ ನೋವೇ ಪುಣ್ಯವೆಂಬ ಭಾವನೆ ಬಂದೀತು. ಕುಷ್ಠರೋಗಿಯನ್ನು ಮುಟ್ಟಿ ಮಡಿಯ ಕಟ್ಟಳೆಗೆ ಸೆಡ್ಡು ಹೊಡೆದ ಯೇಸುವನ್ನು ಮುಂದಿಡಬೇಕು ಎಂಬುದು ಅವರ ವಾದ. ಇದು ಬೇಕಾಗಿದ್ದ ತಿದ್ದುಪಡಿ. ಕಾಲೇಜಿನ ಹೊರಗೆ ಕೆಲಸ ಮೊದಲೇ ಶುರುವಾಗಿತ್ತು. ಕೆ.ಜಿ.ಎಫ್.ನಲ್ಲಿ ಮಲ ಹೊರುವವರ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿ ಒಣ ಪಾಯಿಖಾನೆಗಳ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋದರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಜೆಸ್ವಿಟ್ ಪಾದ್ರಿ ಸ್ಟ್ಯಾನ್ ಸ್ವಾಮಿ ಜಾರ್ಖಂಡಿನ ಆದಿವಾಸಿಗಳ ಜೊತೆ ದಶಕಗಳ ಕಾಲ ಬಾಳಿ, 2020ರಲ್ಲಿ ಬಂಧನಕ್ಕೊಳಗಾಗಿ, ವಿಚಾರಣೆ ಶುರುವಾಗುವ ಮೊದಲೇ 2021ರ ಜುಲೈ 5ರಂದು 84ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಕಾನೂನಿನ ಬಾಗಿಲು ಇನ್ನೂ ಮುಚ್ಚಿಯೇ ಇದೆ. ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಧರ್ಮದಿಂದ ಬಿಡಿಸಬೇಕೆಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಶಿಫಾರಸು ಮಾಡಿತು, ಅದು ಜಾರಿಯಾಗಲಿಲ್ಲ. 2022ರಲ್ಲಿ ಇದೇ ಪ್ರಶ್ನೆ ಪರಿಶೀಲಿಸಲು ಕೆ.ಜಿ. ಬಾಲಕೃಷ್ಣನ್ ಆಯೋಗ ಬಂತು, ಎರಡು ವರ್ಷದ ಗಡುವು ಮುಗಿದ ಮೇಲೂ ಅವಧಿ ಬೆಳೆಯಿತು. ಕರ್ನಾಟಕ ದಲಿತ ಕ್ರೈಸ್ತರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಇರಿಸಿದೆ. 2025ರ ಸಮೀಕ್ಷೆಯ ಹೊತ್ತಿಗೆ ಕ್ರಿಶ್ಚಿಯನ್ ಎಂಬುದರ ಜೊತೆ ಜಾತಿಯ ಹೆಸರು ಬರೆಯುವುದೇ ದೊಡ್ಡ ವಿವಾದವಾಯಿತು.

ಬೆಂಗಳೂರಿನಲ್ಲಿ ಮೊಳೆತ ಈ ಚಿಂತನೆಯ ಬಹುಪಾಲು ಇಂದಿಗೂ ಇಂಗ್ಲಿಷಿನಲ್ಲಿದೆ. ಬೀದರಿನ ಮಾದಿಗ ಸಭೆಗಳ, ಕೋಲಾರದ ಗಣಿ ಕೇರಿಗಳ, ಆನಂದಪುರದ ಹಿರಿಯರ ನೆನಪುಗಳು ಕನ್ನಡದಲ್ಲಿ ಬರಹಕ್ಕೆ ಬರಬೇಕು. ನಮ್ಮ ವಿಶ್ವವಿದ್ಯಾಲಯಗಳ ಸಂಶೋಧಕರು, ಸಭೆಗಳ ಯುವಕ ಯುವತಿಯರು ಆ ಹಿರಿಯರು ಇರುವಾಗಲೇ ಅವರ ಬಳಿ ಕೂತು ಕೇಳಿ ಬರೆದುಕೊಳ್ಳಲಿ.