ಕಡತದ ಅಳತೆ ಮತ್ತು ಅಂಕಸ್ಥಾನ: ಯುನಿಕ್ಸ್ ವ್ಯವಸ್ಥೆಯಲ್ಲಿ ಬೃಹತ್ ಕಡತಗಳ ಇತಿಹಾಸ

ಓಲೆಗರಿಗಳ ಛಾಯಾಪ್ರತಿಗಳನ್ನು ಗಣಕಯಂತ್ರದಲ್ಲಿ ಕಾಪಿಡುವ ಕಾರ್ಯ ಇಂದು ಹಸ್ತಪ್ರತಿ ಭಂಡಾರಗಳಲ್ಲಿ ರೂಢಿಗೆ ಬಂದಿದೆ. ಹೀಗೆ ಕಾಪಿಟ್ಟ ಕಡತವು ಎಷ್ಟು ದೊಡ್ಡದಾಗಬಹುದೆಂಬುದನ್ನು ಅದನ್ನು ಇರಿಸುವ ತಟ್ಟೆಯ ವಿಸ್ತಾರವೊಂದೇ ನಿರ್ಣಯಿಸುವುದಿಲ್ಲ. ಕಡತದ ಅಳತೆಯನ್ನು ಬರೆದಿಡಲು ಎಷ್ಟು ಅಂಕಸ್ಥಾನಗಳನ್ನು ಮೀಸಲಿಡಲಾಗಿದೆ ಎಂಬುದೂ ಅದನ್ನು ನಿರ್ಣಯಿಸುತ್ತದೆ. ಈ ಎರಡನೆಯ ಮಿತಿಯ ಇತಿಹಾಸವು ಪರಿಶೀಲನೆಗೆ ಅರ್ಹವಾದುದು.

ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೆಸರಿಸಿರುವುದು ವಿದಿತವೇ ಆಗಿದೆ. ಬರೆಯುವವನು ಬೇಕಾದರೆ ಇನ್ನೊಂದು ಸ್ಥಾನವನ್ನು ಸೇರಿಸಿಕೊಳ್ಳಬಲ್ಲನು. ಗಣಕಯಂತ್ರದಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಸ್ಥಾನವೂ ಸೊನ್ನೆ ಅಥವಾ ಒಂದನ್ನು ಮಾತ್ರ ಹಿಡಿಯುವ ‘ಬಿಟ್’. ಸ್ಥಾನಗಳ ಸಂಖ್ಯೆ ಮೊದಲೇ ನಿಯತವಾದುದು.

ಬೆಲ್ ಪ್ರಯೋಗಾಲಯದಲ್ಲಿ ಪಿಡಿಪಿ-11 ಯಂತ್ರಕ್ಕಾಗಿ ರೂಪುಗೊಂಡ ಯುನಿಕ್ಸ್‌ನ ಆರನೆಯ ಆವೃತ್ತಿಯಲ್ಲಿ (1975) ಕಡತದ ಅಳತೆಗೆ 24 ಬಿಟ್‌ಗಳಿದ್ದವು. ಆದುದರಿಂದ ಯಾವ ಕಡತವೂ 1,67,77,216 ಬೈಟುಗಳನ್ನು ಮುಟ್ಟುವಂತಿರಲಿಲ್ಲ. ಕಡತದೊಳಗೆ ಬೇಕಾದ ಎಡೆಗೆ ಸರಿಯುವ ‘ಸೀಕ್’ ಎಂಬ ಆಜ್ಞೆಗಾದರೋ 16 ಬಿಟ್‌ಗಳು ಮಾತ್ರ. ದೂರದ ಎಡೆಯನ್ನು ತಲುಪಲು 512 ಬೈಟುಗಳ ಖಂಡಗಳಲ್ಲಿ ಎಣಿಸಬೇಕಾಗಿತ್ತು. ಏಳನೆಯ ಆವೃತ್ತಿಯಲ್ಲಿ (1979) ‘ಎಲ್‌ಸೀಕ್’ ಬಂದಿತು. ಅದರ ಮೊದಲಕ್ಷರವು ‘ಲಾಂಗ್’ ಎಂಬ 32 ಬಿಟ್‌ಗಳ ದೀರ್ಘ ಸಂಖ್ಯೆಯನ್ನು ಸೂಚಿಸುತ್ತದೆ. ಹಿಂದಕ್ಕೆ ಸರಿಯಲು ಋಣಸಂಖ್ಯೆಯೂ ಬೇಕಾದುದರಿಂದ ಒಂದು ಬಿಟ್ ಚಿಹ್ನೆಗೆ ಹೋಯಿತು. ಉಳಿದ 31 ಬಿಟ್‌ಗಳಲ್ಲಿ ಹಿಡಿಯುವ ಗರಿಷ್ಠ ಸಂಖ್ಯೆ 2,14,74,83,647. ಎರಡು ಗಿಗಾಬೈಟುಗಳ ಪ್ರಸಿದ್ಧ ಮಿತಿಯ ಮೂಲವಿದು.

ತಟ್ಟೆಗಳು ಚಿಕ್ಕವಾಗಿದ್ದಷ್ಟು ಕಾಲ ಈ ಮಿತಿ ಯಾರಿಗೂ ತಟ್ಟಲಿಲ್ಲ. 1990ರ ದಶಕದಲ್ಲಿ ತಟ್ಟೆಗಳು ಅದನ್ನು ದಾಟಿ ಬೆಳೆದಾಗ ದೋಷವು ಎದ್ದುಕಂಡಿತು. ಸ್ಥಾನಗಳು ಸಾಲದಾದಾಗ ಯಂತ್ರವು ಮೇಲಿನ ಅಂಕಗಳನ್ನು ಕೈಬಿಟ್ಟು ಕೆಳಗಿನವನ್ನಷ್ಟೇ ಉಳಿಸಿಕೊಳ್ಳುವುದುಂಟು. 500 ಕೋಟಿ ಬೈಟುಗಳ ಅಳತೆಯನ್ನು 32 ಬಿಟ್‌ಗಳಿಗೆ ಇಳಿಸಿದರೆ ಉಳಿಯುವುದು 70,50,32,704. ಈ ಸಂಖ್ಯೆ ನೋಡುವುದಕ್ಕೆ ಸಹಜವಾಗಿಯೇ ಇದೆ. ಅದನ್ನು ನಂಬಿ ಪ್ರತಿ ತೆಗೆದ ಕ್ರಮವಿಧಿಯು ಕಡತದ ಬಹುಭಾಗವನ್ನು ಬಿಟ್ಟುಬಿಡುತ್ತದೆ. ಬಿಟ್ಟಿರುವುದು ಅದಕ್ಕೆ ತಿಳಿಯುವುದೂ ಇಲ್ಲ.

ಸ್ಥಾನಗಳನ್ನು ಒಮ್ಮೆಗೇ 64ಕ್ಕೆ ಏರಿಸುವುದೂ ಸುಲಭವಾಗಿರಲಿಲ್ಲ. ಹಳೆಯ ಕ್ರಮವಿಧಿಗಳು ಅಳತೆಯ ಅಂಕಣ ನಾಲ್ಕೇ ಬೈಟುಗಳೆಂದು ಎಣಿಸಿ ಸಿದ್ಧವಾಗಿದ್ದವು. ಅಂಕಣವು ಅಗಲವಾದರೆ ಅದರ ಮುಂದಿನ ವಿವರಗಳೆಲ್ಲ ಸ್ಥಾನಪಲ್ಲಟಗೊಂಡು ತಪ್ಪಾಗಿ ಓದಲ್ಪಡುತ್ತಿದ್ದವು. ಈ ತೊಡಕನ್ನು ಬಿಡಿಸಲು ಯುನಿಕ್ಸ್ ತಯಾರಕರು ‘ಲಾರ್ಜ್ ಫೈಲ್ ಸಮಿಟ್’ ಎಂಬ ಹೆಸರಿನಲ್ಲಿ ಕೂಡಿ 1996ರಲ್ಲಿ ಒಂದು ಪ್ರಸ್ತಾವವನ್ನು ಸಿದ್ಧಪಡಿಸಿದರು. ಹಳೆಯ ಆಜ್ಞೆಗಳನ್ನು ಹಾಗೆಯೇ ಉಳಿಸಿ, ಅವುಗಳ ಪಕ್ಕದಲ್ಲಿ ‘ಓಪನ್64’, ‘ಎಲ್‌ಸೀಕ್64’ ಮೊದಲಾದ ಹೊಸ ಆಜ್ಞೆಗಳನ್ನು ನಿಲ್ಲಿಸಲಾಯಿತು. ಕ್ರಮವಿಧಿಯ ಮೂಲಪಾಠವು ದೊರೆತಲ್ಲಿ, ಒಂದು ಸೂಚನೆಯನ್ನು ಸೇರಿಸಿ ಮರಳಿ ಯಂತ್ರಭಾಷೆಗೆ ಪರಿವರ್ತಿಸಿದರೆ ಹಳೆಯ ಹೆಸರುಗಳೇ 64 ಬಿಟ್‌ಗಳ ಅರ್ಥವನ್ನು ಪಡೆಯುವಂತೆಯೂ ಏರ್ಪಾಡಾಯಿತು. ಲಿನಕ್ಸ್‌ನಲ್ಲಿ ಈ ಸೌಕರ್ಯವು 2001ರ 2.4ನೆಯ ಆವೃತ್ತಿಯೊಡನೆ ನೆಲೆಗೊಂಡಿತು.

ಈ ಪ್ರಸ್ತಾವದಲ್ಲಿ ಅತ್ಯಂತ ಗಮನಾರ್ಹವಾದುದು ನಿರಾಕರಣೆಯ ನಿಯಮ. ಹಳೆಯ ಕ್ರಮವಿಧಿಯು ತನ್ನ ಅಳವಿಗೆ ಮೀರಿದ ಕಡತವನ್ನು ತೆರೆಯಹೊರಟರೆ ವ್ಯವಸ್ಥೆಯು ‘ಈ-ಓವರ್‌ಫ್ಲೋ’ ಎಂಬ ದೋಷವನ್ನು ತಿಳಿಸಿ ಕಡತವನ್ನು ತೆರೆಯದೆ ನಿಲ್ಲಿಸುತ್ತದೆ. ಮಿತಿಯನ್ನು ದಾಟಿ ಬರೆಯಹೊರಟರೆ ‘ಈ-ಎಫ್‌ಬಿಗ್’ ಎಂದು ತಡೆಯುತ್ತದೆ. ಮೂಲದಲ್ಲಿ ಅಕ್ಷರ ನಶಿಸಿದ ಎಡೆಯನ್ನು ಖಾಲಿ ಬಿಟ್ಟ ಲಿಪಿಕಾರನ ಪ್ರತಿಯಿಂದ ಗ್ರಂಥಪಾತವಾದುದಾದರೂ ತಿಳಿಯುತ್ತದೆ. ಊಹೆಯಿಂದ ತುಂಬಿದವನ ಪ್ರತಿಯಲ್ಲಿ ಅದೂ ತಿಳಿಯದು. ನಿರಾಕರಣೆಯ ನಿಯಮದ ಪ್ರಯೋಜನವೂ ಇದೇ ಬಗೆಯದು.

ವ್ಯವಸ್ಥೆಯು ತಿದ್ದಿಕೊಂಡರೂ ಕಡತದ ಒಳರಚನೆಯ ಮಿತಿ ಬೇರೆಯಾಗಿಯೇ ಉಳಿಯುತ್ತದೆ. ಛಾಯಾಪ್ರತಿಗಳಿಗೆ ಬಳಕೆಯಲ್ಲಿರುವ ‘ಟಿಫ್’ ರೂಪದಲ್ಲಿ ಒಳಗಿನ ಎಡೆಗಳನ್ನು 32 ಬಿಟ್‌ಗಳಲ್ಲಿ ಗುರುತಿಸುವುದರಿಂದ ಅದು 4,29,49,67,296 ಬೈಟುಗಳಾಚೆಗೆ ಹೋಗಲಾರದು. 64 ಬಿಟ್‌ಗಳ ‘ಬಿಗ್‌ಟಿಫ್’ ಈ ಕೊರತೆಯನ್ನು ನೀಗಿತು. 2011ರ ‘ಲಿಬ್‌ಟಿಫ್’ 4.0ರಲ್ಲಿ ಅದಕ್ಕೆ ಎಡೆ ದೊರೆಯಿತು. ‘ಟಾರ್’ ಕಟ್ಟುಗಳಲ್ಲಿ ಅಳತೆಯನ್ನು ಅಷ್ಟಮಾನದ 11 ಅಂಕಗಳಲ್ಲಿ ಬರೆಯುತ್ತಿದ್ದುದರಿಂದ 8 ಗಿಗಾಬೈಟುಗಳೇ ಎಲ್ಲೆಯಾಗಿದ್ದವು. 2001ರ ಪೋಸಿಕ್ಸ್ ಮಾನಕದ ‘ಪ್ಯಾಕ್ಸ್’ ರೂಪವು ಅದನ್ನು ಸಡಿಲಿಸಿತು.

ಆದುದರಿಂದ ಪ್ರತಿಯಾದ ಕಡತವು ತೆರೆದುಕೊಂಡಿತೆಂಬುದಷ್ಟೇ ಅದು ಸಮಗ್ರವಾಗಿದೆಯೆಂಬುದಕ್ಕೆ ಪ್ರಮಾಣವಾಗದು. ಮೂಲದ ಬೈಟುಗಳನ್ನೂ ಪ್ರತಿಯ ಬೈಟುಗಳನ್ನೂ ಎಣಿಸಿ ತಾಳೆನೋಡುವುದು, ಗರಿಗಳನ್ನು ಎಣಿಸಿ ಕಟ್ಟು ಕಟ್ಟುವಷ್ಟೇ ಅವಶ್ಯವಾದ ಕಾರ್ಯ.