‘ವಿಂಡೋ’ ಶಬ್ದದ ಪೂರ್ವೋತ್ತರ

ಕಿಟಕಿಯೆಂಬ ಅರ್ಥದ ‘ವಿಂಡೋ’ ಇಂಗ್ಲಿಷಿನ ಮೂಲಶಬ್ದವಲ್ಲ. ಪ್ರಾಚೀನ ನಾರ್ಸ್ ಭಾಷೆಯಿಂದ ಬಂದುದು. ಅಲ್ಲಿ ಅದಕ್ಕೆ ‘ಗಾಳಿಗಣ್ಣು’ ಎಂದರ್ಥ. ನಮ್ಮ ‘ಗವಾಕ್ಷ’ದಲ್ಲಿರುವಂತೆ ಇಲ್ಲಿಯೂ ಕಣ್ಣಿನ ಕಲ್ಪನೆಯುಂಟು. ಇಂಗ್ಲಿಷರಿಗೆ ‘ಕಣ್ಣುಗಂಡಿ’ ಎಂಬರ್ಥದ ಸ್ವಂತ ಪದವೇ ಇದ್ದಿತು, ಅದು ಲುಪ್ತವಾಯಿತು. 9ನೆಯ ಶತಮಾನದಿಂದ ಇಂಗ್ಲೆಂಡಿನ ಉತ್ತರ ಹಾಗೂ ಪೂರ್ವಭಾಗಗಳಲ್ಲಿ ನೆಲಸಿದ ಸ್ಕ್ಯಾಂಡಿನೇವಿಯದ ಒಕ್ಕಲಿಗರ ಭಾಷೆಯಿಂದ ಬಂದ ಈ ಪದವು 13ನೆಯ ಶತಮಾನದ ಬರಹಗಳಲ್ಲಿ ಕಾಣಬರುತ್ತದೆ. 1066ರ ನಾರ್ಮನ್ ವಿಜಯದ ತರುವಾಯ ಫ್ರೆಂಚಿನಿಂದ ‘ಫೆನೆಸ್ಟರ್’ ಎಂಬುದು ಬಂದಿತಾದರೂ 16ನೆಯ ಶತಮಾನದ ಬಳಿಕ ಬಳಕೆ ತಪ್ಪಿತು. ಆಸ್ಥಾನದ ನುಡಿಯನ್ನು ಸೋಲಿಸಿ ನೆರೆಮನೆಯ ನುಡಿ ನಿಂತಿತು. ಮುಂದೆ ಗಾಜು ಬಂದು ಗಾಳಿಯನ್ನು ತಡೆದಾಗಲೂ ಹೆಸರು ಬದಲಾಗಲಿಲ್ಲ. ಶಾಸನಗಳು ಅರಸರ ವಿಜಯಗಳನ್ನು ಹೇಳುತ್ತವೆ. ಜನರು ಕೂಡಿ ಬಾಳಿದುದನ್ನು ಅರಿಯಲು ಇಂತಹ ಮನೆಮಾತುಗಳನ್ನೂ ನಾವು ಆಧಾರವಾಗಿ ಪರಿಗಣಿಸಬೇಕು.