ತಿಳಿನೀರಿನಲ್ಲಿ ಅಡಗಿದ ಫ್ಲೋರೈಡ್

ಶಿರಹಟ್ಟಿ, ಮುಂಡರಗಿ ಭಾಗದ ಅನೇಕ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಫ್ಲೋರೈಡ್ ಅಯಾನಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣು ಮೂಗುಗಳ ಸಾಕ್ಷಿ ಇಲ್ಲಿ ನಡೆಯದು. ಭಾರತೀಯ ಮಾನಕದಂತೆ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಅದು 1 ಮಿಲಿಗ್ರಾಂವರೆಗೆ ಇರಬಹುದು. ಬೇರೆ ಮೂಲವೇ ಇಲ್ಲದಿದ್ದರೆ 1.5. ಅರ್ಧ ಮಿಲಿಗ್ರಾಂ ಅಂತರದಲ್ಲಿ ತೀರ್ಪು ಬದಲಾಗುವಲ್ಲಿ ಫ್ಲೋರೈಡ್ ಎಲೆಕ್ಟ್ರೋಡ್‌ನ ಅಳತೆಯೇ ಹೆಚ್ಚು ಭರವಸೆಯದು. 1966ರಲ್ಲಿ ಅಮೆರಿಕದ ಮಾರ್ಟಿನ್ ಫ್ರ್ಯಾಂಟ್, ಜೇಮ್ಸ್ ರಾಸ್ ಪ್ರಕಟಿಸಿದ ಈ ಸಾಧನದ ತುದಿಯಲ್ಲಿ ಲ್ಯಾಂಥನಮ್ ಫ್ಲೋರೈಡ್ ಹರಳಿದೆ. ಅದರೊಳಗೆ ಸರಿದಾಡುವುದು ಫ್ಲೋರೈಡ್ ಅಯಾನು ಮಾತ್ರ. ಹರಳಿನ ಎರಡು ಬದಿಯ ಸಾಂದ್ರತೆ ಬೇರೆಯಾದರೆ ವಿದ್ಯುತ್ ವಿಭವ ಹುಟ್ಟುತ್ತದೆ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ಪಟ್ಟು ವ್ಯತ್ಯಾಸಕ್ಕೆ ಸುಮಾರು 59 ಮಿಲಿವೋಲ್ಟ್.

ಮಕ್ಕಳ ಹಲ್ಲಿನ ಕಂದು ಕಲೆ ನೋಡಿದರೆ ಸಾಲದೇ ಎನ್ನುವವರಿದ್ದಾರೆ. ಸಾಲದು. ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗ ಆದ ಹಾನಿ ಅದು. ಕಾಣುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಬಣ್ಣ ನೋಡಿ ಫ್ಲೋರೈಡ್ ಅಳೆಯುವ ಕಿಟ್ ಅಗ್ಗ ಎಂಬ ವಾದದಲ್ಲಿ ಹುರುಳಿದೆ. ಮೊದಲ ಶೋಧಕ್ಕೆ ಅದು ಒಳ್ಳೆಯದೇ. ಆದರೆ ಛಾಯೆಯನ್ನು ಕಣ್ಣಂದಾಜಿನಲ್ಲಿ ಓದಿ 1.4, 1.6ರ ನಡುವೆ ಗೆರೆ ಎಳೆಯುವುದು ಕಷ್ಟ. ಎಲೆಕ್ಟ್ರೋಡಿಗೂ ಕುರುಡು ಜಾಗವಿದೆ: ಅಲ್ಯೂಮಿನಿಯಂ, ಕಬ್ಬಿಣ ಹಿಡಿದಿಟ್ಟ ಫ್ಲೋರೈಡ್ ಅದಕ್ಕೆ ಕಾಣದು, ಕ್ಷಾರ ಹೆಚ್ಚಾದರೆ ಹೈಡ್ರಾಕ್ಸೈಡ್ ಅದನ್ನು ಮೋಸಗೊಳಿಸುತ್ತದೆ. ಅದಕ್ಕೇ ಅಳೆಯುವ ಮುನ್ನ ಮಾದರಿಗೆ ಬಫರ್ ದ್ರಾವಣ ಬೆರೆಸಿ ಪಿಎಚ್ ಅನ್ನು 5ರಿಂದ 5.5ರ ಆಸುಪಾಸಿಗೆ ತರುತ್ತಾರೆ. ಇನ್ನು ಕುದಿಸುವುದು ಪರಿಹಾರವಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಫ್ಲೋರೈಡ್ ಸಾಂದ್ರವಾಗುತ್ತದೆ. ನಿಮ್ಮೂರ ಬೋರ್‌ವೆಲ್ ನೀರನ್ನು ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಪರೀಕ್ಷೆಗೆ ಕೊಡಿ.